ಕಬ್ಬಿಣಕ್ಕಷ್ಟೇ ಕೂಗುವ ಕಾವಲು

ಡಾಂಬರು ರಸ್ತೆಯಿಂದ ಕವಲೊಡೆದ ಬಂಡಿಜಾಡು, ಎರಡೂ ಬದಿಗೆ ಆಳೆತ್ತರ ಮೀರಿದ ಕಬ್ಬು, ಮುನ್ನೂರು ಮೀಟರ್ ಒಳಗೆ ಒಂದು ತೋಟದ ಮನೆ ಅಥವಾ ಆಲೆಮನೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಇಂಥ ಜಾಡುಗಳು ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ಇಲ್ಲಿ ವಾಹನ ಬರುವುದು ದಿನಕ್ಕೆ ನಾಲ್ಕಾರು ಸಲವಾದರೂ ಯಾವ ಹೊತ್ತಿಗೆ ಬರುತ್ತದೆ ಎಂಬುದು ನಿಶ್ಚಯವಿಲ್ಲ. ಕೊಪ್ಪದ ಕಡೆಗೋ ಕೆ.ಎಂ. ದೊಡ್ಡಿಯ ಕಡೆಗೋ ಕಬ್ಬು ಸಾಗಿಸುವ ಟ್ರ್ಯಾಕ್ಟರು ಬೆಳಗಿನ ಜಾವ ಬರಬಹುದು. ಮದ್ದೂರಿನ ಎಳನೀರು ಮಾರುಕಟ್ಟೆಗೆ ಕಾಯಿ ಒಯ್ಯುವ ಗಾಡಿ ಕತ್ತಲಲ್ಲಿ ಬರಬಹುದು. ಮೋಟರು, ಕೇಬಲ್ಲುಗಳ ಮೇಲೆ ಕಣ್ಣಿಟ್ಟ ಗಾಡಿಯೂ ಬರಬಹುದು. ಗಾಣ ತಿರುಗುತ್ತಿದ್ದರೆ, ಪಂಪ್‌ಸೆಟ್ ಓಡುತ್ತಿದ್ದರೆ ಗಾಡಿಯ ಸದ್ದು ಮನೆಗೆ ಮುಟ್ಟುವುದಿಲ್ಲ. ಜಾಡಿನ ಬಾಯಲ್ಲಿ ಒಂದು ಸೆನ್ಸರ್ ಇಟ್ಟು, ವಾಹನ ಒಳಹೊಕ್ಕ ಕೂಡಲೇ ಮನೆಯಲ್ಲಿ ಗಂಟೆ ಬಾರಿಸುವ ತಂತಿರಹಿತ ಉಪಕರಣದ ಉಪಯೋಗ ಇಂಥ ಕಡೆಯೇ ಹೆಚ್ಚು. ಅಂಗಡಿಯಲ್ಲಿ ಈ ಉಪಕರಣಗಳನ್ನು ಮಾರುವುದು ‘ಇಷ್ಟು ದೂರ ಕೆಲಸ ಮಾಡುತ್ತದೆ’ ಎಂಬ ಮಾತಿನ ಮೇಲೆ. ಈ ಅಧ್ಯಾಯದ ವಾದ ಬೇರೆ: ದೂರದ ಲೆಕ್ಕ ಎರಡನೆಯದು. ಉಪಕರಣ ವಾಹನದ ಯಾವ ಗುಣವನ್ನು ಹಿಡಿಯುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಈ ಸೀಮೆಯ ಮಟ್ಟಿಗೆ ಆ ಗುಣ ಕಬ್ಬಿಣ.

ಮೊದಲಿಗೆ ಒಂದು ಸರಳ ಲೆಕ್ಕ ಹಾಕೋಣ. ಒಂದು ಜಾಡಿನಲ್ಲಿ ದಿನಕ್ಕೆ 4 ವಾಹನ ಬರುತ್ತವೆ ಎಂದಿಟ್ಟುಕೊಳ್ಳಿ. ಅದೇ ಜಾಡಿನಲ್ಲಿ ನಾಯಿ, ದನ, ನವಿಲು, ಕೆಲಸದವರು, ಗಾಳಿಗೆ ಬಾಗುವ ಕಬ್ಬಿನ ಗರಿ ಎಲ್ಲ ಸೇರಿ 200 ಚಲನೆಗಳಾಗುತ್ತವೆ ಎನ್ನೋಣ. ಸೆನ್ಸರ್ ನಾಲ್ಕೂ ವಾಹನಗಳನ್ನು ತಪ್ಪದೆ ಹಿಡಿದು, ಉಳಿದ ಚಲನೆಗಳಲ್ಲಿ ನೂರಕ್ಕೆ ಐದರಲ್ಲಿ ಮಾತ್ರ ಎಡವುತ್ತದೆ ಎಂದರೆ ಕೇಳುವುದಕ್ಕೆ ಒಳ್ಳೆಯ ಉಪಕರಣವೇ. ಆದರೆ 200ರಲ್ಲಿ ನೂರಕ್ಕೆ ಐದು ಎಂದರೆ 10. ದಿನಕ್ಕೆ ಹದಿನಾಲ್ಕು ಸಲ ಗಂಟೆ ಬಾರಿಸಿದರೆ ಅದರಲ್ಲಿ ಹತ್ತು ಸುಳ್ಳು. ಒಂದು ವಾರ ಹೀಗೆ ನಡೆದರೆ ಮನೆಯವರು ಗಂಟೆ ಕೇಳಿ ಎದ್ದು ಬರುವುದನ್ನು ನಿಲ್ಲಿಸುತ್ತಾರೆ, ಎರಡನೆಯ ವಾರ ಸ್ವಿಚ್ಚು ಆರಿಸುತ್ತಾರೆ. ಅವರ ನಡೆ ತರ್ಕಬದ್ಧವೇ, ಏಕೆಂದರೆ ಬಹುಪಾಲು ಸುಳ್ಳು ಹೇಳುವ ಸಾಕ್ಷಿಯನ್ನು ಯಾರೂ ನಂಬುವುದಿಲ್ಲ. ಹುಡುಕುವ ಸಂಗತಿ ಅಪರೂಪದ್ದಾಗಿ ಅದನ್ನು ಹೋಲುವ ಸಂಗತಿಗಳು ಹೇರಳವಾಗಿದ್ದಾಗ ಸಣ್ಣ ತಪ್ಪಿನ ಪ್ರಮಾಣವೂ ಇಡೀ ವ್ಯವಸ್ಥೆಯನ್ನು ಕೆಡಿಸುತ್ತದೆ. ರೋಗ ಪರೀಕ್ಷೆಗಳಿಗೂ ಅನ್ವಯಿಸುವ ಈ ಸಂಭವನೀಯತೆಯ ನಿಯಮವೇ ಹಾದಿಯ ಕಾವಲಿಗೂ ಅನ್ವಯ. ಆದ್ದರಿಂದ ಹೆಚ್ಚು ಸೂಕ್ಷ್ಮವಾದ ಸೆನ್ಸರ್‌ಗಿಂತ ವಾಹನವಲ್ಲದ್ದನ್ನು ಗಮನಿಸದೇ ಬಿಡುವ ಸೆನ್ಸರ್ ಇಲ್ಲಿ ಮೇಲು.

ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಅಗ್ಗದ ಮಾದರಿಗಳು ಶಾಖದ ಚಲನೆಯನ್ನು ಹಿಡಿಯುತ್ತವೆ. ಮನುಷ್ಯನ ಮೈ, ಎಂಜಿನ್ನಿನ ಮುಚ್ಚಳ, ಬಿಸಿಯಾದ ಟೈರು ಎಲ್ಲವೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಸೂಸುತ್ತವೆ. ದೇಹದ ಉಷ್ಣತೆಯಲ್ಲಿರುವ ವಸ್ತುವಿನ ಕಿರಣದ ತರಂಗಾಂತರ ಸುಮಾರು 9 ಮೈಕ್ರೊಮೀಟರ್ ಸುತ್ತ ಗರಿಷ್ಠ. ಸೆನ್ಸರಿನೊಳಗೆ ಎರಡು ಪುಟ್ಟ ತುಣುಕುಗಳಿದ್ದು, ಒಂದರ ಮೇಲೆ ಬಿದ್ದ ಶಾಖ ಇನ್ನೊಂದಕ್ಕಿಂತ ಬೇರೆಯಾದಾಗ ಸಂಕೇತ ಹುಟ್ಟುತ್ತದೆ. ಅಂದರೆ ಅದು ಅಳೆಯುವುದು ಹಿನ್ನೆಲೆಗೂ ವಸ್ತುವಿಗೂ ಇರುವ ಉಷ್ಣತೆಯ ವ್ಯತ್ಯಾಸವನ್ನು. ಹವಾನಿಯಂತ್ರಿತ ಕಚೇರಿಯಲ್ಲಿ ಹಿನ್ನೆಲೆ 24 ಡಿಗ್ರಿ, ಮನುಷ್ಯನ ಚರ್ಮ 33 ಡಿಗ್ರಿ, ವ್ಯತ್ಯಾಸ ಸ್ಪಷ್ಟ. ಮಂಡ್ಯದ ಏಪ್ರಿಲ್ ಮಧ್ಯಾಹ್ನದಲ್ಲಿ ಬಿಸಿಲು ಬಿದ್ದ ಮಣ್ಣು ಮನುಷ್ಯನ ಮೈಗಿಂತ ಬಿಸಿಯಾಗಿರುತ್ತದೆ, ಬಿಸಿಲಿಗೆ ಕಾದ ಗರಿಗಳು ನೆರಳಿನ ಮುಂದೆ ಗಾಳಿಗೆ ತೂಗಾಡುತ್ತಿರುತ್ತವೆ. ಸೆನ್ಸರಿಗೆ ಅದು ಓಡಾಡುವ ಶಾಖದಂತೆಯೇ ಕಾಣುತ್ತದೆ. ಶ್ರವಣಾತೀತ ಧ್ವನಿ ಬಳಸುವ ಮಾದರಿಗಳೂ ಹತ್ತಿರದ ಯಾವ ವಸ್ತುವಿಗಾದರೂ ಪ್ರತಿಕ್ರಿಯಿಸುತ್ತವೆ. ಬೆಳಕಿನ ಗೆರೆ ಕಡಿದಾಗ ಕೂಗುವ ಮಾದರಿಗೆ ಎಮ್ಮೆಯೂ ಒಂದೇ, ಎತ್ತಿನ ಗಾಡಿಯೂ ಒಂದೇ. ಇವು ಯಾವುವೂ ಕೆಟ್ಟ ಉಪಕರಣಗಳಲ್ಲ. ಇವು ‘ಏನೋ ಬಂತು’ ಎಂದು ಹೇಳುತ್ತವೆ, ನಮಗೆ ಬೇಕಾದದ್ದು ‘ವಾಹನ ಬಂತು’ ಎಂಬ ಸುದ್ದಿ.

ವಾಹನಕ್ಕೆ ಇದ್ದು, ಹಾದಿಯ ಉಳಿದ ಸಂಚಾರಿಗಳಿಗೆ ಇಲ್ಲದ ಗುಣವೆಂದರೆ ನೂರಾರು ಕಿಲೋ ಉಕ್ಕು. ಉಕ್ಕು ಭೂಮಿಯ ಕಾಂತಕ್ಷೇತ್ರದಲ್ಲಿ ನಿಂತರೆ ತಾನೂ ಒಂದು ದುರ್ಬಲ ಅಯಸ್ಕಾಂತವಾಗುತ್ತದೆ, ಸುತ್ತಲಿನ ಕ್ಷೇತ್ರವನ್ನು ಸ್ವಲ್ಪ ಬಾಗಿಸುತ್ತದೆ. ಭೂಮಿಯ ಕ್ಷೇತ್ರವನ್ನು ಅಳೆಯುವ ವಿಜ್ಞಾನಿಗಳಿಗೆ ಇಂಥ ಅಡಚಣೆ, ಉಕ್ಕಿನಿಂದ ಬರಲಿ ವಿದ್ಯುತ್ತಿನಿಂದ ಬರಲಿ, ತೊಂದರೆಯೇ. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಭೂಮಿಯ ಕಾಂತಕ್ಷೇತ್ರವನ್ನು ಅಳೆಯುತ್ತಿದ್ದರು. ನಗರದ ಟ್ರಾಮುಗಳು ಕುದುರೆ ಬಿಟ್ಟು ವಿದ್ಯುತ್ತಿಗೆ ಬದಲಾಗುವ ಯೋಜನೆ ಬಂದಾಗ, ಆ ಪ್ರವಾಹ ಸೂಕ್ಷ್ಮ ಮಾಪನಗಳನ್ನು ಕೆಡಿಸುತ್ತದೆ ಎಂದು ಕಾಂತಮಾಪನದ ಕೆಲಸವನ್ನು 1904ರಲ್ಲಿ ಅಲಿಬಾಗ್‌ಗೆ ಸಾಗಿಸಲಾಯಿತು. ನಿರ್ದೇಶಕ ನಾನಾಭಾಯ್ ಮೂಸ್ ಅವರ ಕಾಲದ ಆ ನಿರ್ಧಾರದಿಂದಾಗಿ ದಾಖಲೆ ತುಂಡಾಗದೆ ಮುಂದುವರಿಯಿತು. ಅಲಿಬಾಗ್‌ನ ಕಟ್ಟಡದಲ್ಲಿ ಕಾಂತಗುಣವಿರುವ ಸಾಮಗ್ರಿ ಸೇರದಂತೆ ನೋಡಿಕೊಂಡರು. ಆ ವಿಜ್ಞಾನಿಗಳು ಎಂಥ ಅಡಚಣೆಯಿಂದ ದೂರ ಸರಿದರೋ ಅಂಥದೇ ಅಡಚಣೆ ಹಾದಿಯ ಕಾವಲುಗಾರನಿಗೆ ಬೇಕಾದ ಸುದ್ದಿ.

ಅಳತೆಗಳನ್ನು ನೋಡಿದರೆ ಈ ವಿಧಾನ ಏಕೆ ಗಟ್ಟಿ ಎಂಬುದು ತಿಳಿಯುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ, ಅಂದರೆ 40,000 ನ್ಯಾನೊಟೆಸ್ಲಾ. ಸೂರ್ಯನ ಪ್ರಭಾವದಿಂದ ಹಗಲಿಡೀ ಅದು ನಿಧಾನವಾಗಿ ಏರಿಳಿಯುವುದು ಸಾಮಾನ್ಯ ದಿನಗಳಲ್ಲಿ ಹತ್ತಾರು ನ್ಯಾನೊಟೆಸ್ಲಾದಷ್ಟು. ಎರಡು ಮೀಟರ್ ಅಂತರದಲ್ಲಿ ಹಾದುಹೋಗುವ ಕಾರು ಕೆಲವೇ ಸೆಕೆಂಡುಗಳಲ್ಲಿ ಸಾವಿರ ನ್ಯಾನೊಟೆಸ್ಲಾದ ಆಸುಪಾಸಿನ ಏರಿಳಿತ ಉಂಟುಮಾಡಬಲ್ಲದು. ಗಂಟೆಗಟ್ಟಲೆ ತೆಗೆದುಕೊಳ್ಳುವ ಸಣ್ಣ ಬದಲಾವಣೆಗೂ ಸೆಕೆಂಡುಗಳಲ್ಲಿ ಆಗುವ ದೊಡ್ಡ ಬದಲಾವಣೆಗೂ ಗೊಂದಲವಾಗುವ ಪ್ರಶ್ನೆಯಿಲ್ಲ. ಇದನ್ನು ಅಳೆಯುವ ಚಿಪ್ಪು ಕಾಳಿನಷ್ಟು ಚಿಕ್ಕದು. ಕಾಂತಕ್ಷೇತ್ರದ ದಿಕ್ಕಿಗೆ ತಕ್ಕಂತೆ ಕಬ್ಬಿಣ, ನಿಕಲ್‌ಗಳ ವಿದ್ಯುತ್ ರೋಧ ಬದಲಾಗುತ್ತದೆ ಎಂದು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, 1850ರ ದಶಕದಲ್ಲೇ ಕಂಡುಕೊಂಡಿದ್ದರು. ನಿಕಲ್ ಮತ್ತು ಕಬ್ಬಿಣದ ಮಿಶ್ರಲೋಹದ ತೆಳು ಪದರದಲ್ಲಿ ಆ ಬದಲಾವಣೆ ನೂರಕ್ಕೆ ಎರಡು ಮೂರರಷ್ಟು ಮಾತ್ರ. ನಾಲ್ಕು ರೋಧಕಗಳ ಸೇತುವೆ ಕಟ್ಟಿ ಅಷ್ಟನ್ನು ನಿಖರವಾಗಿ ಓದುತ್ತಾರೆ. ಮೊಬೈಲಿನ ದಿಕ್ಸೂಚಿಯಲ್ಲೂ ಇಂಥದೇ ಕಾಂತಮಾಪಕ ಚಿಪ್ಪು ಕೆಲಸ ಮಾಡುತ್ತದೆ.

ಇಲ್ಲಿ ಸ್ಥಳದ ಭೂಗೋಳವೂ ಲೆಕ್ಕಕ್ಕೆ ಬರುತ್ತದೆ. ಭೂಮಿಯ ಕಾಂತ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ; ಅದಕ್ಕಾಗಿಯೇ ತಿರುನೆಲ್ವೇಲಿಯಲ್ಲಿ ಭೂಕಾಂತತ್ವ ಅಧ್ಯಯನದ ಕೇಂದ್ರವಿದೆ. ಮಂಡ್ಯ ಅದಕ್ಕೆ ಹತ್ತಿರವಿರುವುದರಿಂದ ಇಲ್ಲಿ ಕಾಂತಕ್ಷೇತ್ರ ಬಹುತೇಕ ನೆಲಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಚಾಚಿದೆ, ಕೆಳಕ್ಕೆ ಬಾಗಿರುವುದು ಹತ್ತು ಡಿಗ್ರಿಯ ಆಸುಪಾಸು. ಲಂಡನ್ನಿನಲ್ಲಿ ಅದು 65 ಡಿಗ್ರಿ ಮೀರಿ ನೆಲದೊಳಗೆ ಇಳಿಯುತ್ತದೆ. ಲಂಬ ದಿಕ್ಕನ್ನಷ್ಟೇ ಅಳೆಯುವ ಒಂದೇ ಅಕ್ಷದ ಸೆನ್ಸರ್ ಅಲ್ಲಿ ಚೆನ್ನಾಗಿ ನಡೆದರೂ ಇಲ್ಲಿ ಮಂಕಾಗಬಹುದು. ವಾಹನದ ಉಕ್ಕು ಉತ್ತರ ದಿಕ್ಕಿಗೆ ಕಾಂತವಾಗುವುದರಿಂದ, ಪೂರ್ವ ಪಶ್ಚಿಮವಾಗಿ ಸಾಗುವ ಜಾಡಿನ ಪಕ್ಕದಲ್ಲಿ ಸೆನ್ಸರ್ ಇಟ್ಟರೆ ಅದು ಆ ಅಯಸ್ಕಾಂತದ ತುದಿಯ ನೇರಕ್ಕೆ ಬರುತ್ತದೆ. ತುದಿಯ ನೇರದಲ್ಲಿ ಕ್ಷೇತ್ರ ಪಕ್ಕದಲ್ಲಿರುವುದರ ಎರಡರಷ್ಟು. ಇತ್ತ ಉತ್ತರ ದಕ್ಷಿಣವಾಗಿ ಸಾಗುವ ಜಾಡಿನಲ್ಲಿ ವಾಹನ ತನ್ನ ಉದ್ದಕ್ಕೂ ಕಾಂತವಾಗುವುದರಿಂದ ಅಯಸ್ಕಾಂತವೇ ಬಲವಾಗಿರುತ್ತದೆ. ಎರಡೂ ಬಗೆಯ ಜಾಡಿಗೆ ಹೊಂದಬೇಕಾದರೆ ಮೂರು ಅಕ್ಷಗಳನ್ನೂ ಅಳೆಯುವ ಸೆನ್ಸರನ್ನೇ ಕೊಳ್ಳಬೇಕು.

ಎಲ್ಲಿ ಹೂಳಬೇಕು ಎಂಬುದನ್ನು ಘನದ ನಿಯಮ ಹೇಳುತ್ತದೆ. ಪುಟ್ಟ ಅಯಸ್ಕಾಂತದ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ: ದೂರ ಎರಡರಷ್ಟಾದರೆ ಸಂಕೇತ ಎಂಟನೇ ಒಂದು. ಇದರ ಇನ್ನೊಂದು ಮುಖ, ಕಾರಿನ ಎಂಟನೇ ಒಂದು ಪಾಲು ಉಕ್ಕಿರುವ ಬೈಕು ಕಾಣುವ ದೂರ ಕಾರು ಕಾಣುವ ದೂರದ ಅರ್ಧದಷ್ಟು ಇರುತ್ತದೆ, ಎಂಟನೇ ಒಂದಲ್ಲ. ಕಾರು ಮೂರು ಮೀಟರಿನಿಂದ ಕಂಡರೆ ಬೈಕು ಒಂದೂವರೆ ಮೀಟರಿನಿಂದ ಕಾಣುತ್ತದೆ. ಮೂರು ಮೀಟರ್ ಅಗಲದ ಬಂಡಿಜಾಡಿನ ಅಂಚಿನಲ್ಲಿ ಹೂತ ಸೆನ್ಸರಿಗೆ ಕಾರು, ಟ್ರ್ಯಾಕ್ಟರು ನಿರಾತಂಕವಾಗಿ ಕಾಣುತ್ತವೆ. ಎದುರು ಅಂಚಿನಲ್ಲಿ ಹೋಗುವ ಬೈಕು ತಪ್ಪಬಹುದು. ಹಾಗಾಗಿ ಜಾಡು ಕಿರಿದಾಗುವ ಕಡೆ, ನಾಲೆಯ ಮೋರಿಯ ಬಳಿಯೋ ಬದು ಒತ್ತಿಕೊಂಡ ಕಡೆಯೋ, ಸೆನ್ಸರ್ ಇಡುವುದು ಜಾಣತನ. ಘನದ ನಿಯಮ ರಕ್ಷಣೆಯನ್ನೂ ಕೊಡುತ್ತದೆ: ಮುಖ್ಯರಸ್ತೆಯ ಲಾರಿ ಇಪ್ಪತ್ತು ಮೀಟರ್ ದೂರದಲ್ಲಿದ್ದರೆ, ಎರಡು ಮೀಟರಿನಲ್ಲಿದ್ದಾಗ ಕೊಡುವ ಸಂಕೇತದ ಸಾವಿರದ ಒಂದಂಶ ಮಾತ್ರ ತಲುಪುತ್ತದೆ. ಶಾಖದ ಸೆನ್ಸರಿಗೆ ಇಂಥ ಸಹಜ ಬೇಲಿ ಇಲ್ಲ.

ಇಲ್ಲಿ ಮೂರು ಆಕ್ಷೇಪಗಳು ಬರುತ್ತವೆ, ಮೂರಕ್ಕೂ ತೂಕವಿದೆ. ಮೊದಲನೆಯದು ಕೆಂಪು ಮಣ್ಣಿನದು: ಮಣ್ಣಿನಲ್ಲೇ ಕಬ್ಬಿಣವಿರುವಾಗ ಸೆನ್ಸರ್ ದಾರಿ ತಪ್ಪದೇ? ಕೆಂಪು ಬಣ್ಣ ಕೊಡುವ ಹೆಮಟೈಟ್ ಬಹಳ ದುರ್ಬಲ ಕಾಂತವಸ್ತು. ಮೇಲಾಗಿ ಮಣ್ಣು ಚಲಿಸುವುದಿಲ್ಲ. ಸೆನ್ಸರ್ ಹುಡುಕುವುದು ಬದಲಾವಣೆಯನ್ನು, ಆದ್ದರಿಂದ ಕೊಳವೆಬಾವಿಯ ಉಕ್ಕಿನ ಕೇಸಿಂಗ್ ಪಕ್ಕದಲ್ಲಿದ್ದರೂ ಅದು ಸ್ಥಿರ ಹಿನ್ನೆಲೆಯಾಗಿ ಕಳೆದುಹೋಗುತ್ತದೆ. ಎರಡನೆಯದು ಹೆಚ್ಚು ಗಂಭೀರ: ಕಬ್ಬಿಣದ ಗೇಟು. ತೆರೆದು ಮುಚ್ಚುವ ಗೇಟು ಕಾಂತದ ದೃಷ್ಟಿಯಲ್ಲಿ ಒಂದು ವಾಹನವೇ. ಸೆನ್ಸರನ್ನು ಗೇಟಿನ ಕಂಬಕ್ಕೆ ಕಟ್ಟುವುದು ಅನುಕೂಲವೆಂದು ತೋರಿದರೂ ಅದೇ ಎಲ್ಲಕ್ಕಿಂತ ಕೆಟ್ಟ ಜಾಗ. ಹತ್ತು ಮೀಟರಾದರೂ ದೂರ ಇಡಬೇಕು. ಮೂರನೆಯದು ಪಂಪ್‌ಸೆಟ್ಟಿನ ತಂತಿಗಳದು. ಪ್ರವಾಹ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಸೆಕೆಂಡಿಗೆ 50 ಸಲ ಓಲಾಡುತ್ತದೆ. ಸೆನ್ಸರ್ ಸೆಕೆಂಡಿಗೆ ಹತ್ತು ಸಲ ಮಾತ್ರ ಇಣುಕಿ ನೋಡುತ್ತದೆ ಎನ್ನಿ. ಪ್ರತಿ ಇಣುಕಿಗೂ ಅದೇ ಓಲಾಟದ ಅದೇ ಘಟ್ಟ ಸಿಗುತ್ತದೆ. ವಿದ್ಯುತ್ ಜಾಲದ ಆವರ್ತನ 50ರಿಂದ ಕೂದಲೆಳೆಯಷ್ಟು ಸರಿದಾಗ ಆ ಘಟ್ಟ ನಿಧಾನವಾಗಿ ಜಾರಿ, ಯಾವುದೋ ಗಾಡಿ ಮೆಲ್ಲಗೆ ಹಾದುಹೋದ ಭ್ರಮೆ ಹುಟ್ಟುತ್ತದೆ. ಪರಿಹಾರ ಅಚ್ಚುಕಟ್ಟಾದದ್ದು: ಒಂದು ಪೂರ್ಣ ಓಲಾಟದ ಅವಧಿಯಾದ 20 ಮಿಲಿಸೆಕೆಂಡಿನ ಉದ್ದಕ್ಕೂ ಅಳೆದು ಸರಾಸರಿ ತೆಗೆದರೆ ಮೇಲಿನ ಅರ್ಧ, ಕೆಳಗಿನ ಅರ್ಧ ಒಂದನ್ನೊಂದು ಕಳೆದುಕೊಳ್ಳುತ್ತವೆ. ಪಂಪು ಶುರುವಾದಾಗಲೆಲ್ಲ ಗಂಟೆ ಬಾರಿಸುವ ಉಪಕರಣದಲ್ಲಿ ಈ ಎಚ್ಚರಿಕೆಯನ್ನು ವಹಿಸಿಲ್ಲದಿರುವ ಸಾಧ್ಯತೆ ಹೆಚ್ಚು.

ಹಿಡಿದ ಸುದ್ದಿಯನ್ನು ಮನೆಗೆ ಮುಟ್ಟಿಸುವುದು ಬೇರೆಯೇ ಸಮಸ್ಯೆ. ಎರಡನ್ನೂ ಒಂದೇ ಡಬ್ಬಿಯಲ್ಲಿ ಬಗೆಹರಿಸಲು ಹೋದರೆ ಎರಡೂ ಕೆಡುತ್ತವೆ. ಕಾಂತಕ್ಷೇತ್ರಕ್ಕೆ ಮಣ್ಣು, ನೀರು, ಪ್ಲಾಸ್ಟಿಕ್ ಅಡ್ಡಿಯಲ್ಲ. ನಾಲೆಯ ನೀರು ಕುಡಿದ ಗದ್ದೆಯ ಮಣ್ಣು ರೇಡಿಯೊ ಅಲೆಗೆ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಆದ್ದರಿಂದ ಸೆನ್ಸರ್ ನೆಲದೊಳಗೆ, ರೇಡಿಯೊ ಕಂಬದ ಮೇಲೆ, ನಡುವೆ ಒಂದು ತುಂಡು ಕೇಬಲ್ ಇರುವುದೇ ಸರಿಯಾದ ಕ್ರಮ. ನೆಲದೊಳಗಿದ್ದರೆ ಬಿಸಿಲಿನ ಏರಿಳಿತದಿಂದ ಚಿಪ್ಪಿನ ಅಳತೆ ಜಾರುವುದೂ ತಪ್ಪುತ್ತದೆ. ಆವರ್ತನದ ಆಯ್ಕೆಯಲ್ಲಿ ಕಾನೂನೂ ಸೇರಿದೆ. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿ 2005ರಿಂದಲೂ ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿಮುಕ್ತ. 2021ರಲ್ಲಿ ಅದನ್ನು 868ರವರೆಗೆ ವಿಸ್ತರಿಸಲಾಗಿದೆ. ಬೆಂಗಳೂರು ಮೈಸೂರು ಹೆದ್ದಾರಿಯ ಗಣಂಗೂರು ಟೋಲ್‌ನಲ್ಲಿ ಕಾರಿನ ಗಾಜಿಗಂಟಿದ ಫಾಸ್ಟ್ಯಾಗ್ ಓದುವುದೂ ಇದೇ ಪಟ್ಟಿಯಲ್ಲಿ. ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್ ಮುಕ್ತವಾದ್ದರಿಂದ ಅಲ್ಲಿನ ಎಷ್ಟೋ ಉಪಕರಣಗಳು 915ರ ಆಸುಪಾಸಿನಲ್ಲಿ ಮಾತಾಡುತ್ತವೆ. ಆದರೆ ನಮ್ಮಲ್ಲಿ 890ರಿಂದ 915 ಮೊಬೈಲುಗಳು ಗೋಪುರಕ್ಕೆ ಮಾತಾಡುವ ಪಟ್ಟಿ. ಅಮೆರಿಕದ ಬಂಧುಗಳು ಪ್ರೀತಿಯಿಂದ ತಂದುಕೊಟ್ಟ ಉಪಕರಣ ಇಲ್ಲಿ ಕಾನೂನಿಗೂ ವಿರುದ್ಧ, ನೆರೆಯವರ ಮೊಬೈಲಿಗೂ ಅಡಚಣೆ ಆದೀತು.

ದೂರದ ಮಾತು ಬರುವುದು ಈಗ. ಲೋರಾ ಎಂಬ ವಿಧಾನದಲ್ಲಿ ಸಂಕೇತವನ್ನು ಬಹಳ ನಿಧಾನವಾಗಿ, ಆವರ್ತನವನ್ನು ಜಾರಿಸುತ್ತಾ ಕಳಿಸುತ್ತಾರೆ. ‘ಗಾಡಿ ಬಂತು’ ಎಂಬ ಒಂದು ಮಾತಿಗೆ ವೇಗ ಬೇಕಿಲ್ಲ. ನಿಧಾನವಾದಷ್ಟೂ ಕ್ಷೀಣ ಸಂಕೇತವನ್ನು ಗದ್ದಲದಿಂದ ಹೆಕ್ಕಬಹುದು. ಕಳಿಸುವ ಶಕ್ತಿ 25 ಮಿಲಿವ್ಯಾಟ್ ಇದ್ದು, ಅಂಥ ಗ್ರಾಹಕವಿದ್ದರೆ ದಾರಿಯಲ್ಲಿ ಸುಮಾರು 144 ಡೆಸಿಬೆಲ್ ನಷ್ಟವಾದರೂ ಸುದ್ದಿ ಮುಟ್ಟುತ್ತದೆ. ಬಯಲಿನಲ್ಲಿ 300 ಮೀಟರಿಗೆ ಆಗುವ ನಷ್ಟ 81 ಡೆಸಿಬೆಲ್. ಉಳಿದ 60ಕ್ಕೂ ಹೆಚ್ಚು ಡೆಸಿಬೆಲ್, ಅಂದರೆ ಹತ್ತು ಲಕ್ಷ ಪಟ್ಟು ಕ್ಷೀಣಿಸಿದರೂ ತಾಳುವ ಶಕ್ತಿ, ಹಸಿರಿಗೂ ಗೋಡೆಗೂ ಮಳೆಗೂ ಮೀಸಲು. ಅಷ್ಟು ಮೀಸಲು ಏಕೆ ಬೇಕು ಎಂಬುದನ್ನು ಈ ಮೂರು ತಾಲ್ಲೂಕುಗಳ ಬೆಳೆಯೇ ತೋರಿಸುತ್ತದೆ. ಈ ಆವರ್ತನದ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. 300 ಮೀಟರ್ ದಾರಿಯ ನಡುಭಾಗದಲ್ಲಿ ಅಲೆಗೆ ಸುತ್ತಲೂ ಐದು ಮೀಟರ್ ತೆರಪು ಬೇಕು. ನಾಟಿಯಾದ ತಿಂಗಳಲ್ಲಿ ಕಬ್ಬಿನ ಗದ್ದೆ ಬಯಲೇ. ಹತ್ತು ಹನ್ನೊಂದು ತಿಂಗಳಿಗೆ ಅದು ಮೂರು ಮೀಟರ್ ಎತ್ತರದ, ನೀರು ತುಂಬಿದ ಎಲೆಗಳ ರಾಶಿ. ಕಟಾವಾದ ಮರುದಿನ ಪರೀಕ್ಷಿಸಿ ಚೆನ್ನಾಗಿದೆ ಎಂದು ಕೂರಿಸಿದ ಉಪಕರಣ ಮುಂದಿನ ಸುಗ್ಗಿಯ ಹೊತ್ತಿಗೆ, ಗಾಡಿಗಳ ಓಡಾಟ ಹೆಚ್ಚಾಗುವ ಕಾಲದಲ್ಲೇ, ಮೂಕಾಗಬಹುದು. ಮದ್ದೂರಿನ ತೆಂಗಿನ ತೋಟದಲ್ಲಿ ಗರಿ ಮೇಲಿದ್ದು ಬೊಡ್ಡೆಗಳ ನಡುವೆ ಅಲೆಗೆ ದಾರಿಯಿರುತ್ತದೆ, ಅಲ್ಲಿ ಕಂಬ ತಗ್ಗಿದ್ದರೇ ಲೇಸು. ಮಳವಳ್ಳಿಯ ಕಡೆ ಹಿಪ್ಪುನೇರಳೆ ಗಿಡ ಅಡ್ಡಬರುವುದಿಲ್ಲ, ಏರುತಗ್ಗಿನ ನೆಲವೇ ಅಡ್ಡ. ಅಲ್ಲಿ ದಿಣ್ಣೆಯ ನೆತ್ತಿ ಹುಡುಕಬೇಕು. ಕಬ್ಬಿನ ಸೀಮೆಯಲ್ಲಿ ಆಂಟೆನಾ ಬೆಳೆಯ ಎತ್ತರ ಮೀರಬೇಕು, ಮನೆಯ ಕಡೆಯದನ್ನು ನೀರಿನ ಟ್ಯಾಂಕಿನ ಮೇಲಿಟ್ಟರೆ ಅರ್ಧ ಕೆಲಸ ಮುಗಿಯಿತು.

ಬ್ಯಾಟರಿಯ ಲೆಕ್ಕದಲ್ಲೂ ಒಂದು ತಪ್ಪು ನಂಬಿಕೆ ಇದೆ, ರೇಡಿಯೊವೇ ಬ್ಯಾಟರಿ ತಿನ್ನುತ್ತದೆ ಎಂದು. ಒಂದು ಸುದ್ದಿಗೆ 50 ಮಿಲಿಆಂಪಿಯರ್ ಪ್ರವಾಹ 0.2 ಸೆಕೆಂಡು ಬೇಕು ಎಂದುಕೊಳ್ಳಿ. ದಿನಕ್ಕೆ 20 ಸುದ್ದಿಗೆ ಒಟ್ಟು 0.06 ಮಿಲಿಆಂಪಿಯರ್ ಗಂಟೆಯೂ ಆಗುವುದಿಲ್ಲ. ಹಗಲೂ ರಾತ್ರಿ ಕಾಂತಕ್ಷೇತ್ರವನ್ನು ಇಣುಕುತ್ತಿರುವ ಚಿಪ್ಪಿಗೆ 50 ಮೈಕ್ರೊಆಂಪಿಯರ್ ಸಾಕಾದರೂ ದಿನಕ್ಕೆ 1.2 ಮಿಲಿಆಂಪಿಯರ್ ಗಂಟೆ ಬೇಕು, ಅಂದರೆ ಇಪ್ಪತ್ತು ಪಟ್ಟು. 2500 ಮಿಲಿಆಂಪಿಯರ್ ಗಂಟೆಯ ಬ್ಯಾಟರಿ ಕಾಗದದ ಮೇಲೆ ಐದು ವರ್ಷ ಬರುತ್ತದೆ. ತಾನಾಗಿ ಸೋರುವುದನ್ನೂ ಬೇಸಿಗೆಯ ಕಾವನ್ನೂ ಕಳೆದರೆ ಅದರ ಅರ್ಧ ನಂಬಬಹುದು. ಮಾತು ಅಗ್ಗವಾದ್ದರಿಂದ ದಿನಕ್ಕೆ ಒಂದೆರಡು ಸಲ ‘ಇದ್ದೇನೆ’ ಎಂದು ವರದಿ ಮಾಡುವಂತೆ ಉಪಕರಣವನ್ನು ಹೊಂದಿಸುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಆ ವರದಿ ಇಲ್ಲದಿದ್ದರೆ ಮೌನಕ್ಕೆ ಎರಡು ಕಾರಣಗಳಿರುತ್ತವೆ: ಗಾಡಿ ಬಂದಿಲ್ಲ, ಅಥವಾ ಕಾವಲು ಸತ್ತಿದೆ. ಇವೆರಡನ್ನೂ ಬೇರ್ಪಡಿಸಲಾಗದ ಉಪಕರಣವನ್ನು ನಂಬುವುದು ಅಪಾಯ.

ಇಷ್ಟೆಲ್ಲ ಏಕೆ, ಕ್ಯಾಮೆರಾ ಸಾಲದೇ ಎಂಬುದು ಈಗಿನ ಕಾಲದ ದೊಡ್ಡ ಆಕ್ಷೇಪ. ಕ್ಯಾಮೆರಾ ಯಾರು ಬಂದರು ಎಂದು ತೋರಿಸುತ್ತದೆ, ಕಾಂತದ ಸೆನ್ಸರ್ ಅದನ್ನು ಎಂದೂ ಹೇಳಲಾರದು. ಆದರೆ ಜಾಡಿನ ಬಾಯಲ್ಲಿ ನಿರಂತರ ವಿದ್ಯುತ್ತಿಲ್ಲ, ಬೆಳಕಿಲ್ಲ, ಚಿತ್ರ ಸಾಗಿಸುವಷ್ಟು ಅಗಲದ ಜಾಲ ಸಂಪರ್ಕವೂ ಖಚಿತವಿಲ್ಲ. ಇಡೀ ದಿನ ನೋಡುವ ಕ್ಯಾಮೆರಾ ಗರಿಯ ಓಲಾಟಕ್ಕೂ ಎಚ್ಚರಗೊಳ್ಳುತ್ತದೆ. ಕಾಂತದ ಸೆನ್ಸರ್ ಎಬ್ಬಿಸಿದಾಗ ಮಾತ್ರ ಕಣ್ಣುಬಿಡುವ ಕ್ಯಾಮೆರಾ ಎರಡರ ಗುಣವನ್ನೂ ಕೂಡಿಸುತ್ತದೆ. ಟೋಲ್‌ಗಳಲ್ಲಿರುವಂತೆ ನೆಲದಲ್ಲಿ ತಂತಿಯ ಸುರುಳಿ ಹೂಳಬಾರದೇ ಎಂದೂ ಕೇಳಬಹುದು. ಸುರುಳಿ ನಿಖರವೇ, ಆದರೆ ಅದಕ್ಕೆ ಸದಾ ಪ್ರವಾಹ ಹರಿಯಬೇಕು. ಮಳೆಗಾಲದಲ್ಲಿ ಕುಸಿಯುವ ಮಣ್ಣಿನ ಜಾಡಿನ ಮೇಲೆ ಟ್ರೇಲರ್ ಹಾದರೆ ತಂತಿ ಉಳಿಯುವುದಿಲ್ಲ. ನಡೆದು ಬರುವ ಕಳ್ಳನನ್ನು ಕಾಂತ ಹಿಡಿಯುವುದಿಲ್ಲ ಎಂಬ ಮಾತೂ ನಿಜ. ಈ ಉಪಕರಣ ಮನುಷ್ಯರ ಕಾವಲಿಗಲ್ಲ, ವಾಹನದ ಸುದ್ದಿಗೆ. ಮೋಟರು ಹೊತ್ತೊಯ್ಯಲು ಸಾಮಾನ್ಯವಾಗಿ ಗಾಡಿ ಬೇಕೇ ಬೇಕು ಎಂಬಷ್ಟಕ್ಕೆ ಮಾತ್ರ ಇದು ಕಾವಲು. ತನ್ನ ಮಿತಿಯನ್ನು ಸ್ಪಷ್ಟವಾಗಿ ಹೇಳುವ ಉಪಕರಣದಿಂದ ಮೋಸವಾಗುವುದಿಲ್ಲ.

ಆದ್ದರಿಂದ ಕೊಳ್ಳುವವರು ತೀರ್ಮಾನಿಸಬೇಕಾದ ಕ್ರಮ ಇದು: ಯಾವ ಗುಣವನ್ನು ಹಿಡಿಯಬೇಕು, ಜಾಡಿನ ಯಾವ ಕಿರಿದಾದ ಜಾಗದಲ್ಲಿ ಹಿಡಿಯಬೇಕು, ಸುದ್ದಿಯನ್ನು ಯಾವ ಪಟ್ಟಿಯಲ್ಲಿ ಯಾವ ಎತ್ತರದಿಂದ ಸಾಗಿಸಬೇಕು, ಮೌನವನ್ನು ಹೇಗೆ ಪರೀಕ್ಷಿಸಬೇಕು. ಕೂರಿಸಿದ ದಿನ ಕಾರು, ಬೈಕು, ಖಾಲಿ ಟ್ರೇಲರ್ ಮೂರನ್ನೂ ಜಾಡಿನ ಎರಡೂ ಅಂಚಿನಲ್ಲಿ ಓಡಿಸಿ ನೋಡಬೇಕು; ಗೇಟು ತೆರೆದು ಮುಚ್ಚಿ, ಪಂಪು ಹಾಕಿ ಆರಿಸಿ, ಹಾರೆ ಹೊತ್ತ ಒಬ್ಬರನ್ನು ನಡೆಸಿ ಗಂಟೆ ಸುಮ್ಮನಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಕಬ್ಬು ಎದೆಯುದ್ದ ಬಂದಾಗ ಒಮ್ಮೆ, ಕಟಾವಿಗೆ ಮುಂಚೆ ಒಮ್ಮೆ ಇದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಒಂದು ಬೆಳೆಯ ಅವಧಿಯುದ್ದಕ್ಕೂ ಸುಳ್ಳು ಕೂಗದ ಗಂಟೆಗೆ ಮನೆಯವರು ನಡುರಾತ್ರಿಯಲ್ಲೂ ಎದ್ದು ಬರುತ್ತಾರೆ, ಅಲ್ಲಿಗೆ ಆ ಉಪಕರಣ ತನ್ನ ಕೆಲಸ ಮಾಡಿತು ಎಂದರ್ಥ.